ಹಳೆಯ ರೇಸ್ ಕಾರಿಗೆ ಯಾವ ಎಂಜಿನ್?

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಹತ್ತಿದವರಿಗೆಲ್ಲ ಆ ಎಂಜಿನ್ನಿನ ಪರಿಚಯವಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಗಡಗಡ ನಡುಗುತ್ತ, ಸೇತುವೆಯ ಏರಿನಲ್ಲಿ ಏದುಸಿರು ಬಿಡುತ್ತ, ಆದರೂ ದಿನಕ್ಕೆರಡು ಪಾಳಿ ದುಡಿಯುತ್ತಿದ್ದ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಅದು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಪ್ರಯಾಣಿಕರ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು.

ರೇಸ್ ಕಾರುಗಳ ಚರಿತ್ರೆ ಓದಿದವರಿಗೆ ಮಾತ್ರ ಆ ಎಂಜಿನ್ ಇನ್ನೊಂದು ಜನ್ಮದಿಂದಲೂ ಪರಿಚಿತ. 1958ರಲ್ಲಿ ಇಟಲಿಯಲ್ಲಿ ಫಾರ್ಮುಲಾ ಜೂನಿಯರ್ ಎಂಬ ಹೊಸ ಬಗೆಯ ಸ್ಪರ್ಧೆ ಶುರುವಾಯಿತು. ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಕಾರಿನ ಎಂಜಿನ್ನನ್ನೇ ಬಳಸಬೇಕು, 1100 ಸಿಸಿ ಮೀರಬಾರದು ಎಂಬುದು ಅದರ ಮುಖ್ಯ ನಿಯಮ. ಮೊದಲ ಎರಡು ವರ್ಷ ಅಲ್ಲಿ ಮೆರೆದದ್ದು ಮೊಡೆನಾದ ಸ್ಟಾಂಗ್ವೆಲಿನಿ ಕಾರುಗಳು. ಅವುಗಳ ಬಾನೆಟ್ಟಿನಡಿ ಇದ್ದದ್ದು ಫಿಯಟ್ 1100ರ ಎಂಜಿನ್. ಕುರ್ಲಾದ ಕಾರ್ಖಾನೆಯಲ್ಲಿ 2000ದ ಇಸವಿಯ ಹೊತ್ತಿನವರೆಗೂ ತಯಾರಾಗುತ್ತಿದ್ದ ಪದ್ಮಿನಿಯ ಎಂಜಿನ್ ಅದೇ ವಂಶದ್ದು, ಅದೇ ಅಳತೆಯದು: 68 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ), 75 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ).

ಈ ಸಂಬಂಧ ಕೇವಲ ಕುತೂಹಲದ ಸಂಗತಿಯಲ್ಲ. ಹಳೆಯ ರೇಸ್ ಕಾರೊಂದರ ಮೂಲ ಎಂಜಿನ್ ಕೈಕೊಟ್ಟಾಗ ಅದರ ಜಾಗಕ್ಕೆ ಏನನ್ನು ಕೂರಿಸಬೇಕು ಎಂಬ ಪ್ರಶ್ನೆ ಜಗತ್ತಿನ ಎಲ್ಲ ಗ್ಯಾರೇಜುಗಳಲ್ಲೂ ಏಳುತ್ತದೆ. ಎಂಜಿನ್ ಚಾಲಕನ ಬೆನ್ನ ಹಿಂದೆ, ಹಿಂದಿನ ಗಾಲಿಗಳ ಮುಂದೆ ಇರುವ ಕಾರಾದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಇದಕ್ಕೆ ಬೇಕಾದ ಪಾಠ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಓದುಗರಿಗೆ ದೂರದಲ್ಲಿಲ್ಲ. ಕುರ್ಲಾ ಮತ್ತು ಕಲ್ಯಾಣ್‌ನಲ್ಲಿ ಕಾರ್ಖಾನೆ ನಡೆಸಿದ ಪ್ರೀಮಿಯರ್ ಕಂಪನಿ ಒಬ್ಬರ ಕಾರಿಗೆ ಇನ್ನೊಬ್ಬರ ಎಂಜಿನ್ ಜೋಡಿಸಿ ಸಾವಿರಾರು ಕಾರು ಮಾರಿತ್ತು.

ಮೊದಲು, ಎಂಜಿನ್ ನಡುವಿಗೆ ಬಂದದ್ದು ಹೇಗೆ ಎಂಬುದನ್ನು ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ ಗ್ಯಾರೇಜು ಇಟ್ಟಿದ್ದ ಕೂಪರ್ ಕುಟುಂಬ 500 ಸಿಸಿಯ ಅಗ್ಗದ ರೇಸ್ ಕಾರು ಕಟ್ಟಲು ಹೊರಟಿತು. ಎರಡು ಹಳೆಯ ಫಿಯಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಕತ್ತರಿಸಿ, ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಬೆಸುಗೆ ಹಾಕಿದರು. ಹಾಕಿದ್ದು ಮೋಟಾರ್‌ಸೈಕಲ್ಲಿನ ಎಂಜಿನ್. ಅದರ ಚೈನು ಹಿಂದಿನ ಗಾಲಿಗೆ ಸಲೀಸಾಗಿ ತಲುಪಬೇಕಾದರೆ ಎಂಜಿನ್ ಹಿಂದೆಯೇ ಇರಬೇಕಿತ್ತು. ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡು ಓಡಿಸಿ ನೋಡಿದಾಗ ಬೇರೆಯೇ ಗುಣ ತೋರಿತು: ತಿರುವಿನಲ್ಲಿ ಕಾರು ಚಾಲಕನ ಮಾತು ಕೇಳುತ್ತಿತ್ತು.

ಕಾರಣ ಭೌತಶಾಸ್ತ್ರದ್ದು. ಕಾವಡಿಯ ಎರಡು ತುದಿಗೂ ಭಾರ ಕಟ್ಟಿಕೊಂಡು ಗಕ್ಕನೆ ತಿರುಗುವುದು ಕಷ್ಟ. ಅದೇ ಭಾರವನ್ನು ಮೈಗೆ ಒತ್ತಿ ಹಿಡಿದರೆ ಸುಲಭ. ಕಾರಿನ ಅತಿ ಭಾರದ ಭಾಗವಾದ ಎಂಜಿನ್ ನಡುವಿನ ಹತ್ತಿರ ಬಂದಷ್ಟೂ ಕಾರು ಬೇಗ ತಿರುಗುತ್ತದೆ, ವೇಗ ಕೂಡಿಸುವಾಗ ಹಿಂದಿನ ಗಾಲಿಗಳಿಗೆ ಹಿಡಿತವೂ ಸಿಗುತ್ತದೆ. 1958ರ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಎರಡು ಲೀಟರೂ ತುಂಬದ ಎಂಜಿನ್ನಿನ ಕೂಪರ್ ಓಡಿಸಿ ಫೆರಾರಿಗಳನ್ನು ಹಿಂದಿಕ್ಕಿದರು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದರು. ವಿಶ್ವ ಚಾಂಪಿಯನ್ ಪಟ್ಟದ ಸ್ಪರ್ಧೆಯಲ್ಲಿ ಮುಂದೆ ಎಂಜಿನ್ ಇಟ್ಟ ಕಾರುಗಳ ಕಾಲ ಅಲ್ಲಿಗೆ ತೀರಿತು.

ಆ ಕೂಪರ್‌ಗಳಲ್ಲಿ ಒಂದರ ಎಂಜಿನ್ ಆಯ್ಕೆ ವಿಶೇಷ ಗಮನಕ್ಕೆ ಅರ್ಹ. 1955ರ ಚಿಕ್ಕ ಸ್ಪೋರ್ಟ್ಸ್ ಕಾರು ಟಿ39ರಲ್ಲಿ ಇದ್ದದ್ದು 1097 ಸಿಸಿಯ ಕಾವೆಂಟ್ರಿ ಕ್ಲೈಮ್ಯಾಕ್ಸ್ ಎಫ್‌ಡಬ್ಲ್ಯೂಎ. ಅದು ಹುಟ್ಟಿದ್ದು ಬೆಂಕಿ ಆರಿಸುವ ಪಂಪಿಗಾಗಿ. ಪಂಪನ್ನು ಜನ ಕೈಯಲ್ಲಿ ಹೊತ್ತೊಯ್ಯಬೇಕು, ಚಾಲೂ ಆದ ಕೂಡಲೇ ಪೂರ್ತಿ ಬಲ ಕೊಡಬೇಕು ಎಂದು ಬ್ರಿಟಿಷ್ ಸರ್ಕಾರ ಕೇಳಿತ್ತು. ಹಾಗಾಗಿ ಎಂಜಿನಿಯರುಗಳು ಅಲ್ಯೂಮಿನಿಯಂ ಬಳಸಿ ತೂಕ ಇಳಿಸಿದರು. ರೇಸಿಗೆ ಬೇಕಾದದ್ದೂ ಅದೇ ಎರಡು ಗುಣ. ಆಗ ಅದಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್‌ಗಳು ಬೇಕಾದಷ್ಟಿದ್ದವು. ಅಷ್ಟು ಚಿಕ್ಕ ಕಾರಿಗೆ ಹೊಂದುವಂತೆ ಹಗುರವಾದದ್ದು ಇದು.

ಎಂಜಿನ್ ಬದಲಿಸುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಈ ಲೇಖನದ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಅದಕ್ಕೂ ಮುನ್ನ ಕೇಳಬೇಕಾದವು ಬೇರೆ ಇವೆ: ತೂಕ ಎಷ್ಟು, ಗೇರ್‌ಬಾಕ್ಸ್ ಯಾವುದು, ಎಣ್ಣೆ-ನೀರು ಸರಿಯಾಗಿ ಹರಿಯುತ್ತವೆಯೇ, ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಕಾನೂನು ಏನನ್ನುತ್ತದೆ.

ಪ್ರೀಮಿಯರ್‌ನ ಉದಾಹರಣೆಗೆ ಬರೋಣ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ದಶಕಗಳ ಕಾಲ ಫಿಯಟ್ 1100ರ ಮೇಲೆಯೇ ಬದುಕಿತು. 1980ರ ದಶಕದಲ್ಲಿ ಮಾರುತಿ ಬಂದು ಗಾಳಿ ಬದಲಾದಾಗ ಹೊಸ ಕಾರೊಂದು ಅಗತ್ಯವಾಯಿತು. 1985ರಲ್ಲಿ ಬಂದದ್ದು 118ಎನ್‌ಇ. ಮೈಕಟ್ಟು ಸ್ಪೇನಿನ ಸಿಯಟ್ 124ರದು, ಎಂದರೆ ಮೂಲತಃ ಫಿಯಟ್ 124ರದು. ಎಂಜಿನ್ ಜಪಾನಿನ ನಿಸ್ಸಾನ್ ಎ12. ಹೆಸರಿನಲ್ಲೇ ಅದರ ಜಾತಕವಿದೆ: 1.18 ಲೀಟರ್, ನಿಸ್ಸಾನ್ ಎಂಜಿನ್.

ಇಟಲಿಯ ನಕ್ಷೆ, ಸ್ಪೇನಿನ ಅಚ್ಚು, ಜಪಾನಿನ ಎಂಜಿನ್, ಮುಂಬಯಿಯ ಕೆಲಸಗಾರರು. ಕೇಳಲು ಕಲಸುಮೇಲೋಗರ ಅನ್ನಿಸಬಹುದು. ಬಿಡಿಸಿ ನೋಡಿದರೆ ಅಚ್ಚುಕಟ್ಟಾದ ಆಯ್ಕೆ. ಫಿಯಟ್ 124ರಲ್ಲಿ ಎಂಜಿನ್ ಮುಂದೆ ಉದ್ದುದ್ದ ಕೂತು, ನಡುವಿನ ಶಾಫ್ಟಿನ ಮೂಲಕ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಎ12 ಹುಟ್ಟಿ ಬೆಳೆದ ಡಾಟ್ಸನ್ 1200ರಲ್ಲೂ ಅದೇ ವ್ಯವಸ್ಥೆ. ಮೂಲ ಫಿಯಟ್ 124ರ ಎಂಜಿನ್ 1197 ಸಿಸಿ, ಇದು 1171 ಸಿಸಿ. ಗಾತ್ರದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಜೊತೆಗೆ ಅದರದೇ ನಿಸ್ಸಾನ್ ಗೇರ್‌ಬಾಕ್ಸ್ ಕೂಡ ಬಂತು. ಒಬ್ಬರ ಎಂಜಿನ್ನಿಗೆ ಇನ್ನೊಬ್ಬರ ಗೇರ್‌ಬಾಕ್ಸ್ ಕಟ್ಟುವ ತಾಪತ್ರಯವೇ ಇಲ್ಲವಾಯಿತು.

ಪದ್ಮಿನಿಯ ಎಂಜಿನ್ನಿಗೂ ಎ12ಕ್ಕೂ ಇರುವ ಅಂತರ ಕಾಗದದ ಮೇಲೆ ಚಿಕ್ಕದು. ಒಂದು 1089 ಸಿಸಿ, ಇನ್ನೊಂದು 1171. ಶಕ್ತಿ 118ಎನ್‌ಇಯಲ್ಲಿ 52 ಅಶ್ವಶಕ್ತಿ. ಒಳಗೆ ಮಾತ್ರ ಎರಡೂ ಬೇರೆ ಕಾಲದವು. ಫಿಯಟ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮೂರು ಬೇರಿಂಗುಗಳ ಮೇಲೆ ನಿಂತಿದ್ದರೆ ಎ12ರದು ಐದರ ಮೇಲೆ. ಫಿಯಟ್‌ನ ಬೋರಿಗಿಂತ ಸ್ಟ್ರೋಕ್ ಉದ್ದ. ನಿಸ್ಸಾನ್‌ನದು 73 ಮಿಲಿಮೀಟರ್ ಬೋರ್, 70 ಮಿಲಿಮೀಟರ್ ಸ್ಟ್ರೋಕ್. ಸ್ಟ್ರೋಕ್ ಕಡಿಮೆಯಾದಷ್ಟೂ ಪಿಸ್ಟನ್ ಪ್ರತಿ ಸುತ್ತಿಗೆ ಓಡಬೇಕಾದ ದೂರ ಕಡಿಮೆ, ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸಬಹುದು. ಜಪಾನಿನ ರೇಸ್ ತಯಾರಕರು ಇದೇ ಎ12ರ ಬೋರು ಹಿಗ್ಗಿಸಿ, 150 ಅಶ್ವಶಕ್ತಿಗೂ ಮೀರಿ ಎಬ್ಬಿಸಿ ನಿಸ್ಸಾನ್ ಸನ್ನಿ ಕಾರುಗಳನ್ನು ಓಡಿಸಿದರು. ಮನೆಮಂದಿಯನ್ನು ಕೂರಿಸಿಕೊಂಡು ಲೋಣಾವಳ ಘಾಟಿ ಹತ್ತುತ್ತಿದ್ದ 118ಎನ್‌ಇಯಲ್ಲಿ ಅಂಥ ಎಂಜಿನ್ ಸದ್ದಿಲ್ಲದೆ ಮಲಗಿತ್ತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲೇ ಇದೆ. 1984ರಲ್ಲಿ ಹಿಂದುಸ್ತಾನ್ ಮೋಟರ್ಸ್ ತಂದ ಕಾಂಟೆಸ್ಸಾ ನೋಡಲು ಭರ್ಜರಿ. ಬ್ರಿಟನ್ನಿನ ವಾಕ್ಸ್‌ಹಾಲ್‌ನ ಆ ದೊಡ್ಡ ಮೈಗೆ ಅಂಬಾಸಡರ್‌ನ 1489 ಸಿಸಿ ಎಂಜಿನ್ ಹಾಕಲಾಗಿತ್ತು. ಎಂಜಿನ್ ಕೈಯಲ್ಲಿತ್ತು, ಹಾಕಿದರು. ಸುಮಾರು 50 ಅಶ್ವಶಕ್ತಿಯ ಆ ಎಂಜಿನ್ನಿಗೆ ಕಾಂಟೆಸ್ಸಾದ ತೂಕ ಎಳೆಯುವುದೇ ಸಾಕುಬೇಕಾಯಿತು. ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಜುವಿನ 1817 ಸಿಸಿ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಬಂದ ಮೇಲೆಯೇ ಆ ಕಾರಿಗೆ ಮಾನ ಬಂದದ್ದು. ಕೈಗೆ ಸಿಕ್ಕಿತೆಂದು ಹಾಕಿದ ಎಂಜಿನ್, ಹೊಂದುತ್ತದೆಂದು ಹುಡುಕಿ ತಂದ ಎಂಜಿನ್: ಇವೆರಡರ ವ್ಯತ್ಯಾಸ ಒಂದೇ ಕಾರಿನ ಚರಿತ್ರೆಯಲ್ಲಿ ಕಾಣಸಿಗುವುದು ಅಪರೂಪ.

ಎಂಜಿನ್ ನಡುವಿನಲ್ಲಿರುವ ಕಾರಿಗೆ ಈ ಲೆಕ್ಕವೆಲ್ಲ ಇನ್ನೂ ಬಿಗಿ. ಮುಂದೆ ಎಂಜಿನ್ ಇರುವ ಕಾರಿನಲ್ಲಿ ಎರಡಿಂಚು ಉದ್ದದ ಎಂಜಿನ್ ಬಂದರೆ ರೇಡಿಯೇಟರನ್ನು ಅಷ್ಟು ಮುಂದೆ ಸರಿಸಿ ಸುಧಾರಿಸಬಹುದು. ಇಲ್ಲಿ ಮುಂದೆ ಚಾಲಕನ ಬೆನ್ನು, ಹಿಂದೆ ಗೇರ್‌ಬಾಕ್ಸ್, ಪಕ್ಕದಲ್ಲಿ ಚಾಸಿಯ ಕೊಳವೆಗಳು. ಸರಿಸಲು ಜಾಗವೆಲ್ಲಿ? ಮುಂದೆ ಎಂಜಿನ್ ಇರುವ ಕಾರಿನ ಗೇರ್‌ಬಾಕ್ಸ್ ಇಲ್ಲಿಗೆ ಬರುವುದೂ ಇಲ್ಲ. ಗೇರುಗಳು, ಡಿಫರೆನ್ಷಿಯಲ್ ಎರಡೂ ಒಂದೇ ಡಬ್ಬದೊಳಗೆ ಇರುವಂಥದ್ದು ಬೇಕು. ಪದ್ಮಿನಿ, 118ಎನ್‌ಇ ಎರಡರ ಗೇರ್‌ಬಾಕ್ಸೂ ಈ ಕಾರಣಕ್ಕೆ ನಿರುಪಯುಕ್ತ; ಅವುಗಳ ಎಂಜಿನ್ ಮಾತ್ರ ಉಪಯೋಗಕ್ಕೆ ಬಂದೀತು.

ಈ ಗೋಜಲಿಗೆ ಜಗತ್ತು ಕಂಡುಕೊಂಡ ಉಪಾಯ ಚೊಕ್ಕವಾದದ್ದು. ಮುಂದಿನ ಗಾಲಿಗಳು ಎಳೆಯುವ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ಗಂಟು. ಆ ಗಂಟನ್ನು ಹಾಗೆಯೇ ಎತ್ತಿ ಚಾಲಕನ ಹಿಂದೆ ಇಟ್ಟರೆ ನಡುಎಂಜಿನ್ ಕಾರು ಸಿದ್ಧ. 1966ರಲ್ಲಿ ಬಂದ ಲೋಟಸ್ ಯುರೋಪಾ ಕಾರಿಗೆ ರೆನೊ 16ರ 1470 ಸಿಸಿ ಎಂಜಿನ್ ಹಾಕಿದ್ದು ಹೀಗೆ. ರೆನೊದಲ್ಲಿ ಅದು ಮುಂದಿನ ಗಾಲಿಗಳಿಗಾಗಿ ಕೂತಿತ್ತು. ಯುರೋಪಾದಲ್ಲಿ ಅದನ್ನು ಹಿಂದುಮುಂದಾಗಿಸಿ ಕೂರಿಸಿದರು. ಹಾಗೆ ತಿರುಗಿಸಿದರೆ ಗಾಲಿಗಳು ತಿರುಗುವ ದಿಕ್ಕೂ ಉಲ್ಟಾ. ಸರಿಪಡಿಸದೇ ಹೋದರೆ ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು ಗೇರು! ಡಿಫರೆನ್ಷಿಯಲ್ಲಿನ ಕ್ರೌನ್ ವೀಲನ್ನು ಮತ್ತೊಂದು ಬದಿಗೆ ಹಾಕಿ ಲೋಟಸ್ ಇದನ್ನು ಬಗೆಹರಿಸಿತು. 1972ರ ಫಿಯಟ್ ಎಕ್ಸ್1/9 ಇನ್ನೂ ಸರಳ. ಫಿಯಟ್ 128ರಲ್ಲಿ ಅಡ್ಡಡ್ಡ ಕೂತಿದ್ದ 1290 ಸಿಸಿ ಎಂಜಿನ್ ಅದೇ ಭಂಗಿಯಲ್ಲಿ ಹಿಂದಕ್ಕೆ ಬಂತು. ದಿಕ್ಕು ಬದಲಿಸುವ ಪ್ರಮೇಯವೇ ಬರಲಿಲ್ಲ.

ಭಾರತದಲ್ಲಿ ಇದೇ ದಾರಿ ಹಿಡಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ವಿದೇಶದಿಂದ ರೇಸ್ ಕಾರು ತರಿಸುವ ತಾಕತ್ತು ಕೆಲವೇ ಶ್ರೀಮಂತರಿಗೆ ಇದ್ದ ಕಾಲದಲ್ಲಿ, 1980ರ ದಶಕದ ಕೊನೆಗೆ, ಅವರು ಒಬ್ಬರೇ ಕೂರುವ ರೇಸ್ ಕಾರನ್ನು ಇಲ್ಲೇ ಕಟ್ಟಿ, ಚಾಲಕನ ಬೆನ್ನ ಹಿಂದೆ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಇಟ್ಟರು. ಫಾರ್ಮುಲಾ ಮಾರುತಿ ಎಂದು ಹೆಸರಾದದ್ದು ಇದೇ. ಮುಂದೆ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸಿಗಿಳಿದದ್ದು ಈ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು.

40 ಅಶ್ವಶಕ್ತಿಯನ್ನೂ ಮುಟ್ಟದ ಎಂಜಿನ್ನನ್ನು ಕರಿವರ್ಧನ್ ಆರಿಸಿದ್ದರಲ್ಲಿ ದೂರದೃಷ್ಟಿಯಿತ್ತು. ದೇಶದ ಯಾವ ತಾಲ್ಲೂಕಿನಲ್ಲಾದರೂ ಮಾರುತಿಯ ಬಿಡಿಭಾಗ ಸಿಗುತ್ತದೆ, ಯಾವ ಮೆಕ್ಯಾನಿಕ್‌ಗಾದರೂ ಅದರ ಬಿಚ್ಚುಕಟ್ಟು ಗೊತ್ತು. ಎಲ್ಲರದೂ ಒಂದೇ ಎಂಜಿನ್ ಆದಾಗ ಗೆಲ್ಲುವುದು ದುಡ್ಡಲ್ಲ, ಕೈಚಳಕ. ಇದೇ 796 ಸಿಸಿ ಎಂಜಿನ್ 800ರಲ್ಲಿ ಅಡ್ಡಡ್ಡ ಕೂತು ಮುಂದಿನ ಗಾಲಿ ಎಳೆದರೆ, ಓಮ್ನಿಯಲ್ಲಿ ಮುಂದಿನ ಸೀಟಿನಡಿ ಉದ್ದುದ್ದ ಕೂತು ಹಿಂದಿನ ಗಾಲಿ ನೂಕುತ್ತದೆ. ಕಲ್ಯಾಣ್ ಸ್ಟೇಷನ್ನಿನ ಹೊರಗೆ ಸಾಮಾನು ಹೇರುವ ಓಮ್ನಿ ನೋಡಿದವರು, ಒಂದೇ ಎಂಜಿನ್ ಎಷ್ಟು ಭಂಗಿಯಲ್ಲಿ ದುಡಿಯಬಲ್ಲದು ಎಂಬುದನ್ನು ಅರಿಯದೆಯೇ ನೋಡಿರುತ್ತಾರೆ.

ಆ ಫಾರ್ಮುಲಾ ಮಾರುತಿಗಳು ಈಗ ಮೂವತ್ತೈದು ವರ್ಷದ ಆಸುಪಾಸಿನವು. ಠಾಣೆಯ ವಾಗ್ಳೆ ಎಸ್ಟೇಟಿನಲ್ಲೋ ತುರ್ಭೆಯಲ್ಲೋ ಶೆಡ್ಡು ಇರುವ ಉತ್ಸಾಹಿಯೊಬ್ಬರಿಗೆ ಅಂಥ ಕಾರೊಂದು ಸಿಕ್ಕಿತೆಂದುಕೊಳ್ಳೋಣ. ಮುಂದಿರುವ ದಾರಿಗಳೇನು? ಮೂಲದ 796 ಸಿಸಿ ಎಂಜಿನ್ನನ್ನೇ ದುರಸ್ತಿ ಮಾಡಬಹುದು. ಝೆನ್ ಕಾರಿನ 993 ಸಿಸಿ, ಪೂರ್ತಿ ಅಲ್ಯೂಮಿನಿಯಂ ಎಂಜಿನ್ ಹಾಕಬಹುದು. ಎಸ್ಟೀಮ್‌ನ 1298 ಸಿಸಿ ಎಂಜಿನ್ನನ್ನೂ ಹಾಕಬಹುದು. ಇಂಧನ ಇಂಜೆಕ್ಷನ್ ಇರುವ ಮಾದರಿಯಲ್ಲಿ ಅದರ ಶಕ್ತಿ 85 ಅಶ್ವಶಕ್ತಿ. ಇಂದಿನ ಎಲ್‌ಜಿಬಿ ಫಾರ್ಮುಲಾ 4 ಸ್ಪರ್ಧೆಯ ಕಾರುಗಳಲ್ಲೂ ಇರುವುದು ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ನೇ.

ಮೂರನೆಯ ಆಯ್ಕೆ ಕೇಳಿದೊಡನೆ ಕಣ್ಣು ಅರಳುತ್ತದೆ. ಆದರೆ ಗೇರ್‌ಬಾಕ್ಸನ್ನು ಮುರಿಯುವುದು ಅಶ್ವಶಕ್ತಿಯಲ್ಲ, ಟಾರ್ಕ್, ಎಂದರೆ ತಿರುಚುವ ಬಲ. 800ರದಕ್ಕೆ ಹೋಲಿಸಿದರೆ ಎಸ್ಟೀಮ್‌ನ ಟಾರ್ಕ್ ಇಮ್ಮಡಿಗೆ ಹತ್ತಿರ. 800ರ ಗೇರ್‌ಬಾಕ್ಸ್ ಉಳಿಸಿಕೊಂಡು ಎಸ್ಟೀಮ್ ಎಂಜಿನ್ ಕಟ್ಟಿದರೆ ಗೇರಿನ ಹಲ್ಲುಗಳು ಎಷ್ಟು ದಿನ ತಾಳಿಯಾವು? ಎಂಜಿನ್ ತಂದವರು ಅದರ ಗೇರ್‌ಬಾಕ್ಸನ್ನೂ ತರಬೇಕು, ಹಿಂದಿನ ಗಾಲಿಗಳ ಶಾಫ್ಟುಗಳನ್ನೂ ಬದಲಿಸಬೇಕು, ಆಮೇಲೆ ಬ್ರೇಕುಗಳನ್ನೂ. ಒಂದು ಬದಲಾವಣೆ ನಾಲ್ಕನ್ನು ಕರೆಯುತ್ತದೆ. ಅಮೆರಿಕದ ಕಾರು ತಯಾರಕ ಕ್ಯಾರೊಲ್ ಶೆಲ್ಬಿ 1963ರಲ್ಲಿ ಕೂಪರ್ ಮೊನಾಕೊ ಕಾರಿಗೆ ಫೋರ್ಡ್‌ನ 4.7 ಲೀಟರ್ ವಿ8 ಕೂರಿಸಿದಾಗಲೂ ಕೂಪರ್‌ನ ಗೇರ್‌ಬಾಕ್ಸನ್ನು ಬಿಟ್ಟು ಇಟಲಿಯ ಕೊಲೊಟ್ಟಿಗೆ ಹೋಗಬೇಕಾಯಿತು. ಆ ವರ್ಷ ಡೇವ್ ಮ್ಯಾಕ್‌ಡೊನಾಲ್ಡ್ ಅದರಲ್ಲಿ ರಿವರ್‌ಸೈಡ್, ಲಗೂನಾ ಸೆಕಾ ಎರಡೂ ರೇಸ್ ಗೆದ್ದರೆಂಬುದು ನಿಜ. ಹಿಂದೆ ಒಂದು ಕಾರ್ಖಾನೆಯೇ ನಿಂತಿತ್ತೆಂಬುದೂ ಅಷ್ಟೇ ನಿಜ.

ಎಂಜಿನ್ ಒಂದು ಮನೆಯದು, ಗೇರ್‌ಬಾಕ್ಸ್ ಇನ್ನೊಂದು ಮನೆಯದು ಆಗಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಕೆಲಸ ಲೇತ್ ಮುಂದೆ ನಿಲ್ಲುವವರ ಕೈಗೆ ಹೋಗುತ್ತದೆ, ಮತ್ತು ಈ ಭಾಗದಲ್ಲಿ ಅಂಥ ಕೈಗಳಿಗೆ ಬರವಿಲ್ಲ. ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಟರ್ನರುಗಳ, ಫಿಟ್ಟರುಗಳ ಚಿಕ್ಕ ಚಿಕ್ಕ ಗಾಲಾಗಳಿವೆ. ಎಂಜಿನ್ನಿನ ಬೆನ್ನಿಗೂ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತುಗಳು ಹೊಂದುವುದಿಲ್ಲವಾದ್ದರಿಂದ ನಡುವೆ ದಪ್ಪ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕೊರೆದು ಕೂರಿಸಬೇಕು. ತೂತು ಕೊರೆಯುವುದು ಸುಲಭ. ಕಷ್ಟವಿರುವುದು ನಡುಗೆರೆಯಲ್ಲಿ: ಕ್ರ್ಯಾಂಕ್‌ಶಾಫ್ಟ್ ತಿರುಗುವ ಅಕ್ಷ, ಗೇರ್‌ಬಾಕ್ಸಿನ ಶಾಫ್ಟ್ ತಿರುಗುವ ಅಕ್ಷ ಎರಡೂ ಒಂದೇ ಗೆರೆಯ ಮೇಲಿರಬೇಕು.

ಬಲ್ಲ ಮಿಸ್ತ್ರಿ ಇದನ್ನು ಅಂದಾಜಿಗೆ ಬಿಡುವುದಿಲ್ಲ. ಫ್ಲೈವೀಲಿಗೆ ಅಯಸ್ಕಾಂತದ ಕಾಲಿರುವ ಡಯಲ್ ಗೇಜ್ ಅಂಟಿಸಿ, ಅದರ ಮೊನೆಯನ್ನು ತಟ್ಟೆಯ ನಡುವಿನ ದುಂಡು ತೂತಿನ ಒಳ ಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಎತ್ತ ಎಷ್ಟು ಓಡಿತು ಎಂಬುದರ ಮೇಲೆ ಕಣ್ಣು. ಅಕ್ಷಗಳ ನಡುವಿನ ಅಂತರ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸಿಗೆ ಬರುವವರೆಗೂ ತಟ್ಟೆಯನ್ನು ಸರಿಸಿ, ಮತ್ತೆ ತಿರುಗಿಸಿ, ಕೊನೆಗೆ ಡೊವೆಲ್ ಪಿನ್ ಹೊಡೆದು ಆ ಜಾಗವನ್ನು ಕಾಯಂ ಮಾಡುತ್ತಾರೆ. ಈ ಒಂದು ಗಂಟೆಯ ಕೆಲಸ ಬಿಟ್ಟರೆ ಕ್ಲಚ್ಚು ನಡುಗುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ಓಡುತ್ತಿರುವಾಗಲೇ ಗೇರು ಜಾರುತ್ತದೆ. ಕಾರಣ ಹುಡುಕುತ್ತ ಮಾಲೀಕರು ಕ್ಲಚ್ ಪ್ಲೇಟ್ ಬದಲಿಸುತ್ತಲೇ ಇರುತ್ತಾರೆ.

ಎಣ್ಣೆಯ ವಿಚಾರವೂ ಹಗುರವಲ್ಲ. ಒಳ್ಳೆಯ ರೇಸ್ ಟೈರುಗಳ ಕಾರು ತಿರುವಿನಲ್ಲಿ ಭೂಮಿಯ ಗುರುತ್ವದಷ್ಟೇ ಬಲವನ್ನು ಅಡ್ಡಡ್ಡ ಅನುಭವಿಸಬಲ್ಲದು. ಆ ಕ್ಷಣ ಎಂಜಿನ್ನಿನಡಿಯ ತೊಟ್ಟಿಯಾದ ಸಂಪಿನೊಳಗಿನ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲಿ ನಿಲ್ಲುತ್ತದೆ. ಎಣ್ಣೆ ಒಂದು ಮೂಲೆಗೆ ಸರಿದು, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕಿತೋ, ಬೇರಿಂಗುಗಳು ಸುಟ್ಟಂತೆಯೇ. ಪೇಟೆಯಲ್ಲಿ ಓಡುವ ಕಾರಿಗೆಂದು ಮಾಡಿದ ಸಂಪು ಇದಕ್ಕೆ ತಯಾರಿರುವುದಿಲ್ಲ. ಒಳಗೆ ಅಡ್ಡಗೋಡೆಗಳನ್ನು ಬೆಸುಗೆ ಹಾಕಿಸುವುದು ಕಡಿಮೆ ಖರ್ಚಿನ ಪರಿಹಾರ; ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪಿನಿಂದ ಉಣಿಸುವುದು ದುಬಾರಿಯಾದರೂ ಖಾತರಿಯದು.

ನೀರಿನ ಕತೆ ಬೇರೆ. ಎಂಜಿನ್ ಹಿಂದೆ, ರೇಡಿಯೇಟರ್ ಸಾಮಾನ್ಯವಾಗಿ ಮೂಗಿನಲ್ಲಿ. ನಡುವಿನ ಉದ್ದ ಕೊಳವೆಗಳಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಹರಿವು ನಿಲ್ಲುತ್ತದೆ, ಮೀಟರು ತೋರಿಸುವಷ್ಟರಲ್ಲಿ ಹೆಡ್ ಬಾಗಿರುತ್ತದೆ. ನೀರು ತುಂಬುವ ಟ್ಯಾಂಕು ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿರಬೇಕು, ಗಾಳಿ ಬಿಡಲು ಸ್ಕ್ರೂಗಳಿರಬೇಕು. ದೊಡ್ಡ ಎಂಜಿನ್ ಹಾಕಿ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡವರಿಗೆ ಏಪ್ರಿಲ್‌ನ ಬಿಸಿಲು ಪಾಠ ಕಲಿಸದೆ ಬಿಡುವುದಿಲ್ಲ.

ಬಿಡಿಭಾಗದ ಪ್ರಶ್ನೆಗೆ ಇಲ್ಲಿನವರು ಹೆಚ್ಚು ತೂಕ ಕೊಡಬೇಕು. ಠಾಣೆಯಿಂದ ಕೊಯಮತ್ತೂರಿನ ಟ್ರ್ಯಾಕಿಗೆ ಕಾರು ಹೊರಟರೆ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು, ಸೇಲಂ ದಾಟಿ ಸಾವಿರ ಕಿಲೋಮೀಟರಿಗೂ ಮೀರಿದ ಟ್ರೇಲರ್ ಪ್ರಯಾಣ. ಅಷ್ಟು ದೂರ ಹೋದಮೇಲೆ ಅಭ್ಯಾಸದ ದಿನವೇ ಹೆಡ್ ಗ್ಯಾಸ್ಕೆಟ್ ಹೋದರೆ? ಮಾರುತಿಯ ಸುಜುಕಿ ಎಂಜಿನ್ನಿನದಾದರೆ ಸಂಜೆಯೊಳಗೆ ಅಂಗಡಿಯಲ್ಲಿ ಸಿಗುತ್ತದೆ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಹೋಂಡಾ ಎಂಜಿನ್ನಿನದಾದರೆ ಕಾರನ್ನು ಹಾಗೆಯೇ ಟ್ರೇಲರಿಗೆ ಹತ್ತಿಸಿ ವಾಪಸು ತರಬೇಕಾದೀತು. ಹೋಂಡಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಹಳೆಯ ಬಿ ಸರಣಿಯ ಎಂಜಿನ್‌ಗಳು ಉಳಿದವರ ಎಂಜಿನ್‌ಗಳು ತಿರುಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಬೇರೆ ಗೇರ್‌ಬಾಕ್ಸಿಗೆ ಕಟ್ಟಿದವರು ಆಗ ಯುರೋಪಾದ ಕ್ರೌನ್ ವೀಲ್ ಕತೆಯನ್ನು ನೆನೆಯಬೇಕಾಗುತ್ತದೆ.

ಕಾನೂನು ಈಗ ಹಿಂದಿನಷ್ಟು ಸಡಿಲವಿಲ್ಲ. ಟ್ರ್ಯಾಕಿಗೆ ಮಾತ್ರ ಹೋಗುವ ರೇಸ್ ಕಾರಿಗೆ ನೋಂದಣಿ ಬೇಡ, ಟ್ರೇಲರ್ ಸಾಕು. ಎಂಎಚ್ 04ರ ಠಾಣೆಯೋ, ಎಂಎಚ್ 05ರ ಕಲ್ಯಾಣೋ, ಎಂಎಚ್ 43ರ ನವಿ ಮುಂಬಯಿಯೋ, ನಂಬರ್ ಪ್ಲೇಟ್ ಹೊತ್ತು ರಸ್ತೆಗಿಳಿಯುವ ಕಾರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮಗಳ ಪ್ರಕಾರ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ. ಆದರೆ ಷರತ್ತೊಂದಿದೆ: ಚಾಸಿ, ಮೈ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಎಂಜಿನ್ ಬದಲಿಸಿದವರು ಆ ಗೌರವವನ್ನು ಕೈಯಾರೆ ಕಳೆದುಕೊಂಡಂತೆ.

ವಿದೇಶದ ಹಳೆಯ ಕಾರುಗಳ ರೇಸಿನಲ್ಲೂ ಇದೇ ಧೋರಣೆ. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಯ ನಿಯಮದಂತೆ ಕಾರು ತನ್ನ ಕಾಲದಲ್ಲಿ ಹೇಗೆ ಓಡಿತ್ತೋ ಹಾಗೆಯೇ ಇರಬೇಕು. ಅದಕ್ಕೊಂದು ತಾಂತ್ರಿಕ ಪಾಸ್‌ಪೋರ್ಟೂ ಬೇಕು. ಸ್ಟಾಂಗ್ವೆಲಿನಿಗೆ ಫಿಯಟ್ 1100ರ ಎಂಜಿನ್ನೇ ಬೇಕು. 1960ರಲ್ಲಿ ಫಾರ್ಮುಲಾ ಜೂನಿಯರ್‌ಗೆ ಬಂದು ಸ್ಟಾಂಗ್ವೆಲಿನಿಗಳನ್ನು ಮೂಲೆಗೆ ಸೇರಿಸಿದ ಲೋಟಸ್ 18ಕ್ಕೆ ಫೋರ್ಡ್ ಆಂಗ್ಲಿಯಾದ ಎಂಜಿನ್ನೇ ಬೇಕು. ಆ ಫೋರ್ಡ್ ಎಂಜಿನ್ನಿನ ಸ್ಟ್ರೋಕ್ ಬರೇ 48.4 ಮಿಲಿಮೀಟರ್. ನಿಮಿಷಕ್ಕೆ 7000 ಸುತ್ತಿನಲ್ಲಿ ಅದರ ಪಿಸ್ಟನ್ ಸೆಕೆಂಡಿಗೆ ಸರಾಸರಿ 11 ಮೀಟರಿನಷ್ಟು ಓಡಿದರೆ ಫಿಯಟ್‌ನದು 17.5 ಮೀಟರ್ ಓಡಬೇಕು. ಒಂದು ಪೀಳಿಗೆಯ ಕಾರುಗಳ ಹಣೆಬರಹ ಬರೆದದ್ದು ಈ ಲೆಕ್ಕ, ಜೊತೆಗೆ ಎಂಜಿನ್ ಹಿಂದಕ್ಕೆ ಸರಿದದ್ದು. ಆದರೂ ಇವತ್ತು ಸ್ಟಾಂಗ್ವೆಲಿನಿಗೆ ಫೋರ್ಡ್ ಎಂಜಿನ್ ಹಾಕಲು ಯಾರೂ ಹೋಗುವುದಿಲ್ಲ. ಸೋತ ಎಂಜಿನ್ನೂ ಚರಿತ್ರೆಯ ಭಾಗ.

ಹಾಗಾದರೆ ಆ ಶೆಡ್ಡಿನ ಫಾರ್ಮುಲಾ ಮಾರುತಿಗೆ ಯಾವ ಎಂಜಿನ್? ಮೂಲ ಎಂಜಿನ್ನಿನ ಬ್ಲಾಕ್ ಬಿರುಕು ಬಿಡದೆ ಉಳಿದಿದ್ದರೆ ಅದನ್ನೇ ಬೋರ್ ಮಾಡಿಸಿ, ಕ್ರ್ಯಾಂಕ್ ಉಜ್ಜಿಸಿ, ಮತ್ತೆ ಕಟ್ಟುವುದೇ ಸರಿ. ಆ ಕಾರಿನ ಬೆಲೆ ಇರುವುದು ಕರಿವರ್ಧನ್ ಕಟ್ಟಿದ ರೂಪದಲ್ಲಿ. ಬ್ಲಾಕ್ ಹೋಗಿದ್ದರೆ ಇನ್ನೊಂದು 796 ಸಿಸಿ ಎಂಜಿನ್ ಹುಡುಕುವುದು ಕಷ್ಟವಲ್ಲ. ಹೆಚ್ಚು ವೇಗ ಬೇಕೇ ಬೇಕೆನ್ನುವವರು ಝೆನ್‌ನ 993 ಸಿಸಿಯನ್ನು ಅದರ ಗೇರ್‌ಬಾಕ್ಸಿನ ಸಮೇತ ತರಲಿ. ಚಾಸಿಯನ್ನು ಕತ್ತರಿಸದೆ, ಬೋಲ್ಟು ಹಾಕುವ ಆಧಾರಗಳಿಂದ ಮಾತ್ರ ಕೂರಿಸಲಿ. ಬಿಚ್ಚಿದ ಮೂಲ ಎಂಜಿನ್ನನ್ನು ನಂಬರ್ ಸಮೇತ ಎಣ್ಣೆ ಹಚ್ಚಿ ತೆಗೆದಿಡಲಿ. ಎಸ್ಟೀಮ್ ಎಂಜಿನ್ ಹಾಕುವುದಾದರೆ ಅದಕ್ಕೆ ತಕ್ಕ ಹೊಸ ಚಾಸಿಯನ್ನೇ ಕಟ್ಟುವುದು ಪ್ರಾಮಾಣಿಕ ದಾರಿ.

ಡೊಂಬಿವಲಿ, ಕಲ್ಯಾಣ್, ಠಾಣೆಯ ಓದುಗರಿಗೆ ಇನ್ನೊಂದು ಮಾತು. ಕಲ್ಯಾಣ್‌ನ ಪ್ರೀಮಿಯರ್ ಘಟಕದಿಂದ 1990ರ ದಶಕದಲ್ಲಿ ಪ್ಯೂಜೊ 309 ಕಾರುಗಳೂ ಹೊರಬಂದವು. ಈಗ ಆ ಹೆಸರೂ ಇಲ್ಲಿ ಯಾರ ಬಾಯಲ್ಲೂ ಇಲ್ಲ. ಆದರೆ ಅಲ್ಲಿ, ಕುರ್ಲಾದಲ್ಲಿ, ಸುತ್ತಲಿನ ಗ್ಯಾರೇಜುಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಅಟ್ಟದಲ್ಲಿ ಪದ್ಮಿನಿಯದೋ 118ಎನ್‌ಇಯದೋ ವರ್ಕ್‌ಶಾಪ್ ಮ್ಯಾನುಯಲ್, ಅಳತೆಗಳನ್ನು ಬರೆದಿಟ್ಟ ನೋಟ್‌ಬುಕ್, ಬೇರಿಂಗ್ ಕೂರಿಸುವ ವಿಶೇಷ ಉಪಕರಣ ಏನಾದರೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಳೆಯ ಕಾರು ಉಳಿಸುವವರನ್ನು ಹುಡುಕಿ ಕೊಡಿ. ಹಿರಿಯರು ಕೂತು ಹೇಳಲು ಸಿದ್ಧರಿದ್ದರೆ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.